ಹೊಣೆ ಯಾರದು?

(ಮಹಿಳಾ ಕಾರ್ಯಕರ್ತೆಯರ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಿಬಿರದಲ್ಲಿ ನನಗೆ ಕೊಟ್ಟಿರುವ ವಿಷಯ ‘ವೈಯಕ್ತಿಕ ಹೊಣೆ ಮತ್ತು ನಾಯಕತ್ವ’. ವಿಷಯ ನೋಡಿದಾಗ ನನಗೆ ಸ್ವಲ್ಪ ಅಳುಕೇ ಆಯಿತು. ಯಾಕೆಂದರೆ ನಮ್ಮ ಸಮಾಜದಲ್ಲಿ ಹೊಣೆ ಎಂಬುದು ಮೊದಲು ಹೋಗಿ ಬೀಳುವುದು ಹೊಡೆತ ತಿಂದ ಹೆಣ್ಣಿನ ತಲೆಯ ಮೇಲೆ. ‘ನೀನೇನು ಮಾಡಿದೆ? ಎದುರುತ್ತರ ಕೊಟ್ಟೆಯಾ? ಅಡುಗೆ ತಡವಾಯಿತಾ?’ ಠಾಣೆಯಲ್ಲೂ ಇದೇ ಪ್ರಶ್ನೆ, ತವರಿನಲ್ಲೂ ಇದೇ ಪ್ರಶ್ನೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಹೊಡೆದದ್ದರ ಹೊಣೆ ಹೊಡೆದವನದು. ನಾನು ಮಾತಾಡಬೇಕೆಂದಿರುವುದು ಉಳಿದವರ ಹೊಣೆಯ ಬಗ್ಗೆ. ನೋಡಿದವರು, ಕೇಳಿಸಿಕೊಂಡವರು, ಬುದ್ಧಿ ಹೇಳಿದವರು. ಅವರಲ್ಲಿ ನಾನೂ ಒಬ್ಬಳು.

1994ರ ಬೇಸಿಗೆ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಹಿಂದಿನ ವರ್ಷ ಬಿ.ಎ. ಮುಗಿಸಿ ಮದುವೆಯಾಗಿದ್ದ ಒಬ್ಬ ವಿದ್ಯಾರ್ಥಿನಿ ನಮ್ಮ ಕೋಣೆಗೆ ಬಂದಳು. ಅಂಥ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಟ್ಟಿದ್ದಳು. ಅದು ಯಾಕೆಂದು ನನಗೆ ತಿಳಿಯದೇ ಇರಲಿಲ್ಲ. ಮೇಜಿನ ಮೇಲೆ ಮೌಲ್ಯಮಾಪನದ ಉತ್ತರ ಪತ್ರಿಕೆಗಳ ಕಟ್ಟು ಇತ್ತು. ಅವಳು ಅರ್ಧ ಹೇಳಿದಳು, ಅರ್ಧ ನುಂಗಿಕೊಂಡಳು. ನಾನು ಚಹಾ ತರಿಸಿ, ‘ಮೊದಲ ವರ್ಷ ಎಲ್ಲರಿಗೂ ಹೀಗೇನೇ, ಸ್ವಲ್ಪ ಹೊಂದಿಕೊಂಡು ಹೋಗು, ಆಮೇಲೆ ಬಿ.ಎಡ್. ಮಾಡುವೆಯಂತೆ’ ಎಂದೆ. ಅವಳು ತಲೆಯಾಡಿಸಿ ಹೋದಳು. ನಾನು ಕಟ್ಟು ಬಿಚ್ಚಿ ಅಂಕ ಹಾಕಲು ಕೂತೆ. ಆವತ್ತು ತರಗತಿಯಲ್ಲಿ ಸತಿ ಪದ್ಧತಿ ನಿಷೇಧಿಸಿದ 1829ರ ಕಾನೂನಿನ ಬಗ್ಗೆ ಪಾಠ ಮಾಡಿದ್ದೆ ಎಂಬುದು ಬೇರೆ ಮಾತು.

ಅವಳು ಸಾಯಲಿಲ್ಲ. 2007ರಲ್ಲಿ, ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯ್ದೆ ಜಾರಿಗೆ ಬಂದ ಮರುವರ್ಷ, ಮಗಳನ್ನು ಕರೆದುಕೊಂಡು ನಮ್ಮ ಸಲಹಾ ಕೇಂದ್ರಕ್ಕೆ ಬಂದಳು. ಮೇಜಿನ ಈಚೆ ನಾನಿದ್ದೆ. ಗುರುತು ಹಿಡಿದದ್ದು ಅವಳೇ. ನಾನು ಏನೋ ಸಮಜಾಯಿಷಿ ಹೇಳಲು ಹೊರಟೆ. ಅವಳು, ‘ಬಿಡಿ ಮೇಡಂ, ನಿಮ್ಮನ್ನು ದೂರೋದಕ್ಕೆ ಬಂದಿಲ್ಲ. ಆದರೆ ಆವತ್ತು ನಾನು ಇನ್ಯಾರನ್ನೂ ಕೇಳಲಿಲ್ಲ. ಮೇಡಮ್ಮೇ ಹೇಳಿದ ಮೇಲೆ ಇನ್ಯಾರನ್ನ ಕೇಳಲಿ?’ ಎಂದಳು. ಹದಿಮೂರು ವರ್ಷ. ಓದಿದವಳು, ನಾಲ್ಕು ಜನ ಗೌರವ ಕೊಡುವವಳು ಆಡಿದ ಒಂದು ಮಾತು ಬೇರೆಲ್ಲ ಬಾಗಿಲುಗಳನ್ನು ಹೇಗೆ ಮುಚ್ಚಿಬಿಡಬಲ್ಲದು ಎಂದು ಅಂದು ನನಗೆ ಅರ್ಥವಾಯಿತು.

ತಪ್ಪು ತಿಳಿದ ಮೇಲೆ ಕೊರಗುತ್ತ ಕೂತರೆ ಹೊಣೆ ಹೊತ್ತಂತಾಗುವುದಿಲ್ಲ. ಈ ಮಾತಿಗೆ ದೆಹಲಿಯ ಸತ್ಯರಾಣಿ ಛಡ್ಡಾ ಅವರ ಬದುಕನ್ನು ನೆನೆಯುತ್ತೇನೆ. 1979ರಲ್ಲಿ ಅವರ ಗರ್ಭಿಣಿ ಮಗಳು ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಆ ಮನೆಯವರು ಸ್ಕೂಟರಿಗಾಗಿ ಪೀಡಿಸುತ್ತಿದ್ದರು. ತಾಯಿ ಕೋರ್ಟಿಗೆ ಹೋದರು. ಮದುವೆಯಾದ ಮೇಲೆ ಕೇಳಿದ್ದು ವರದಕ್ಷಿಣೆ ಆಗುವುದಿಲ್ಲ ಎಂದು 1961ರ ಕಾಯ್ದೆಯ ಕೆಳಗಿನ ಮೊಕದ್ದಮೆ ಬಿದ್ದುಹೋಯಿತು. ಅವರು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಬೀದಿಗೆ ಬಂದರು. ತಮ್ಮಂತೆಯೇ ಮಗಳನ್ನು ಕಳೆದುಕೊಂಡಿದ್ದ ಶಾಹಜಹಾನ್ ಆಪಾ ಅವರೊಂದಿಗೆ 1987ರಲ್ಲಿ ‘ಶಕ್ತಿ ಶಾಲಿನಿ’ ಸಂಸ್ಥೆ ಕಟ್ಟಿದರು. ಇಂಥವರ ಹೋರಾಟದ ಫಲವಾಗಿಯೇ 1983ರಲ್ಲಿ 498-ಎ ಕಲಂ ಬಂದದ್ದು, 1984 ಮತ್ತು 1986ರ ತಿದ್ದುಪಡಿಗಳು ಮದುವೆಯ ನಂತರದ ಬೇಡಿಕೆಯನ್ನೂ ವರದಕ್ಷಿಣೆ ಎಂದದ್ದು. ಅಳಿಯನ ಅಪರಾಧವನ್ನು ದೆಹಲಿ ಹೈಕೋರ್ಟು ಎತ್ತಿಹಿಡಿದದ್ದು 2013ರಲ್ಲಿ. ಮರುವರ್ಷ ಸತ್ಯರಾಣಿ ತೀರಿಕೊಂಡರು. ಮೂವತ್ತನಾಲ್ಕು ವರ್ಷ ಆ ತಾಯಿ ತನ್ನ ಮಗಳಿಗಾಗಿ ಮಾತ್ರ ಓಡಾಡಲಿಲ್ಲ. ನಾಯಕತ್ವ ಎಂದರೆ ನನಗೆ ನೆನಪಾಗುವುದು ಇದು. ವೇದಿಕೆ, ಹಾರ, ಮೈಕು ಅಲ್ಲ.

ಇನ್ನು ನಮ್ಮ ನಮ್ಮ ಮನೆಯ ಮಾತು. 2014ರಲ್ಲಿ ನನ್ನ ಮಗನ ಮದುವೆ ನಿಶ್ಚಯವಾಯಿತು. ಮಾತುಕತೆಯ ದಿನ ಬೀಗರು ‘ನಿಮ್ಮದೇನಾದರೂ ಇದ್ದರೆ ಹೇಳಿ’ ಎಂದರು. ನಾನು ನಗುತ್ತಾ, ‘ನಾವೇನೂ ಕೇಳೋದಿಲ್ಲ, ನಿಮ್ಮ ಮಗಳಿಗೆ ನೀವು ಏನು ಮಾಡ್ತೀರೋ ಮಾಡಿ’ ಎಂದೆ. ಹೇಳಿದಾಗ ಅದು ದೊಡ್ಡತನ ಎನಿಸಿತ್ತು. ಕಾರು ಬುಕ್ ಮಾಡಲು ಅವರು ಸೈಟು ಮಾರಲು ಹೊರಟಿದ್ದಾರೆಂದು ತಿಳಿದಾಗಲೇ ನನ್ನ ಮಾತಿನ ಅರ್ಥ ನನಗೆ ಹೊಳೆದದ್ದು. ಮಿತಿ ಹೇಳದ ಬೇಡಿಕೆ ಅದು. ಹೆಣ್ಣು ಹೆತ್ತವರು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆಂದು ಇಪ್ಪತ್ತು ವರ್ಷ ಭಾಷಣ ಮಾಡಿದ ನನಗೇ ಗೊತ್ತಾಗಲಿಲ್ಲ. ಫೋನು ಮಾಡಿ ಕಾರು ಬೇಡವೇ ಬೇಡ ಎಂದೆವು. ನಮ್ಮ ಕಡೆಯ ಹಿರಿಯರು ಮುನಿಸಿಕೊಂಡರು. ಆದರೂ ಬೆಳ್ಳಿ, ಬಂಗಾರ ಬಂದೇ ಬಂತು. ಹೆಣ್ಣಿನ ಕಡೆಯಿಂದ ಬೇರೆಯವರ ಕೈಗೆ ಬಂದದ್ದನ್ನು ಮೂರು ತಿಂಗಳೊಳಗೆ ಆಕೆಗೇ ಒಪ್ಪಿಸಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಎಲ್ಲವನ್ನೂ ಸೊಸೆಗೆ ಒಪ್ಪಿಸಿದೆ. ಅವಳ ಹೆಸರಿನಲ್ಲೇ ಲಾಕರು, ಕೀಲಿ ಅವಳ ಕೈಯಲ್ಲೇ. ಇದು ಹೆಚ್ಚುಗಾರಿಕೆಯ ಮಾತಲ್ಲ, ಕಾನೂನಿನ ಮಾತು. ಆದರೆ ನಮ್ಮಲ್ಲಿ ಎಷ್ಟು ಅತ್ತೆಯರು ಆ ಕೀಲಿ ಕೊಟ್ಟಿದ್ದೇವೆ?

ಸಂಘಟನೆಯೊಳಗೂ ಇದೇ ಪರೀಕ್ಷೆ ಇದೆ. ನೊಂದು ಬಂದವಳ ಮಾತು ಮುಗಿಯುವ ಮೊದಲೇ ಹಿರಿಯರಾದ ನಾವು ತೀರ್ಮಾನ ಹೇಳಿಬಿಡುತ್ತೇವೆ. ಹಿಂದೆ ‘ಹೊಂದಿಕೋ’ ಎನ್ನುತ್ತಿದ್ದೆವು, ಈಗ ‘ಬಿಟ್ಟು ಬಾ, ಕೇಸು ಹಾಕು’ ಎನ್ನುತ್ತೇವೆ. ಎರಡರಲ್ಲೂ ಅವಳನ್ನು ಕೇಳಿಲ್ಲ. ಆವತ್ತು ಬಂದ ನನ್ನ ವಿದ್ಯಾರ್ಥಿನಿಗೆ ಬೇಕಾಗಿದ್ದುದು ವಿಚ್ಛೇದನವಲ್ಲ. ಮಗಳ ಶಾಲೆ ತಪ್ಪದಂತೆ ಅದೇ ಮನೆಯಲ್ಲಿ, ಹೊಡೆತವಿಲ್ಲದೆ ಇರುವುದು. ಆ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕಾಯ್ದೆಯ 17ನೇ ಕಲಂ ಕೊಡುತ್ತದೆ. ಮನೆ ಗಂಡನ ಹೆಸರಿನಲ್ಲಿದ್ದರೂ ಕೊಡುತ್ತದೆ. ಕೇಳಿದ್ದರಿಂದ ತಿಳಿಯಿತು. ಈಗ ನಮ್ಮ ಕೇಂದ್ರಕ್ಕೆ ಹೊಸದಾಗಿ ಬಂದವರೊಂದಿಗೆ ಮೊದಲು ಕೂರುವವಳು ಅವಳೇ. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಅರ್ಜಿ ಬರೆದುಕೊಡುತ್ತೇನೆ. ಮಧ್ಯೆ ಬಾಯಿ ಹಾಕದೆ ಇರುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

ಕಾನೂನುಗಳ ಹೆಸರು ಬದಲಾಗಿದೆ. 2024ರ ಜುಲೈ 1ರಿಂದ ದಂಡಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 498-ಎ ಈಗ 85ನೇ ಕಲಂ, ವರದಕ್ಷಿಣೆ ಸಾವಿನ 304-ಬಿ ಈಗ 80ನೇ ಕಲಂ. ಸಾವು ನಿಂತಿಲ್ಲ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾದವು. ಆ ಒಂದೊಂದು ಮನೆಗೂ ಅಕ್ಕಪಕ್ಕದವರು ಇದ್ದರು. ಅವರಿಗೆ ಸದ್ದು ಕೇಳಿಸಿರಲಿಲ್ಲವೇ?

ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ ಎಂದು 2005ರ ಕಾಯ್ದೆಯ 4ನೇ ಕಲಂ ಹೇಳುತ್ತದೆ. 181 ಎಂಬ ಸಹಾಯವಾಣಿ ಇದೆ. ಹಾಗಾಗಿ ‘ಅವರ ಮನೆ ವಿಷಯ ನಮಗ್ಯಾಕೆ’ ಎಂಬ ಮಾತಿಗೆ ಕಾನೂನಿನ ನೆಪವೂ ಇಲ್ಲ. ಇವತ್ತು ರಾತ್ರಿ ಪಕ್ಕದ ಮನೆಯಿಂದ ಸದ್ದು ಕೇಳಿದರೆ ಟೀವಿಯ ಸದ್ದು ಜಾಸ್ತಿ ಮಾಡಬೇಡಿ. ಒಬ್ಬರೇ ಹೋಗಲು ಭಯವಾದರೆ ಇನ್ನೊಬ್ಬರನ್ನು ಕರೆದುಕೊಳ್ಳಿ. ಹೆಪ್ಪಿಗೆ ಮಜ್ಜಿಗೆ ಬೇಕೆಂದಾದರೂ ಬಾಗಿಲು ತಟ್ಟಿ. ಮರುದಿನ ಗಂಡಸರು ಹೊರಗೆ ಹೋದ ಮೇಲೆ ಅವಳನ್ನು ಕಂಡು, ‘ನಿನಗೇನು ಬೇಕು?’ ಎಂದು ಕೇಳಿ. ಉತ್ತರ ಕೂಡಲೇ ಬರದಿದ್ದರೆ ಕಾಯಿರಿ.

1994ರಲ್ಲಿ ಆ ಪ್ರಶ್ನೆ ಕೇಳಲು ನನಗೆ ಎರಡು ನಿಮಿಷ ಸಾಕಾಗುತ್ತಿತ್ತು.