ಇಬ್ಬಿಬ್ಬರಾಗಿ ಬಂದವರು

(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಪರದೇಶದ ಅನುಭವ ಹೇಳಿರೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ದಂಪತಿಗಳು ಯೋಚನೆಗೆ ಬಿದ್ದೆವು. ಅಲ್ಲಿಯ ಕಟ್ಟಡಗಳ ವರ್ಣನೆ, ಊಟದ ವರ್ಣನೆ ತಾವು ಬೇಕಾದಷ್ಟು ಕೇಳಿದ್ದೀರಿ. ಆದುದರಿಂದ ಬ್ರೆಜಿಲಿನ ಸಾವೊ ಪಾವ್ಲೊ ನಗರದ ಒಂದೇ ಬೀದಿಯಲ್ಲಿ ನಮಗೆ ಎದುರಾದ ಎರಡು ಜೋಡಿಗಳ ವಿಷಯ ಹೇಳುತ್ತೇವೆ. ಮೊದಲನೆಯದು ಸುಲಿಗೆಗಾರರ ಜೋಡಿ; ಎರಡನೆಯದು ಮಾರ್ಮನ್ ಮತಪ್ರಚಾರಕರ ಜೋಡಿ.

2014ರಿಂದ 2016ರವರೆಗೆ ನಾವು ಅಲ್ಲಿದ್ದೆವು. ಕೋಟಿಗೂ ಮಿಕ್ಕಿ ಜನರಿರುವ ಊರು. ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಅರ್ಧ ಆಯುಷ್ಯ ಕಳೆದ ನಮಗೆ ಜನಸಂದಣಿಯ ಅಂಜಿಕೆ ಇರಲಿಲ್ಲ. ಆದರೆ ನೆರೆಮನೆಯ ವೃದ್ಧೆಯೊಬ್ಬರು ಮೊದಲ ವಾರದಲ್ಲೇ ಮೂರು ಪಾಠ ಹೇಳಿದರು: ಬೀದಿಯಲ್ಲಿ ಫೋನು ಹೊರಗೆ ತೆಗೆಯಬೇಡಿ, ಬಂಗಾರ ಕಾಣುವಂತೆ ಹಾಕಬೇಡಿ, ಯಾರಾದರೂ ಬೆದರಿಸಿ ಕೇಳಿದರೆ ಎದುರಾಡದೆ ಕೊಟ್ಟುಬಿಡಿ. ಅಲ್ಲಿಯ ಕಾನೂನಿನಲ್ಲಿ ಬೆದರಿಕೆಯಿಲ್ಲದೆ ಎತ್ತಿಕೊಂಡು ಹೋದರೆ ‘ಫುರ್ತು’, ಬೆದರಿಸಿ ಕಿತ್ತುಕೊಂಡರೆ ‘ರೋಬು’. ನಮ್ಮ ಕಳವು, ಸುಲಿಗೆ ಎಂಬ ಮಾತುಗಳಂತೆಯೇ.

2015ರ ಜೂನ್ ತಿಂಗಳು. ಅಲ್ಲಿಗೆ ಅದು ಚಳಿಗಾಲ. ಆರು ಗಂಟೆಗೇ ಕತ್ತಲೆ. ವಿಲಾ ಮರಿಯಾನಾ ಮೆಟ್ರೋ ನಿಲ್ದಾಣದಿಂದ ಮನೆಗೆ ನಡೆದು ಬರುತ್ತಿದ್ದೆವು. ಮೋಟಾರ್ ಸೈಕಲ್ ಮೇಲೆ ಇಬ್ಬರು ಬಂದು ಪಕ್ಕದಲ್ಲೇ ನಿಂತರು. ಹಿಂದೆ ಕುಳಿತವನು ಅಂಗಿಯನ್ನು ತುಸು ಮೇಲೆತ್ತಿ ಪಿಸ್ತೂಲಿನ ಹಿಡಿ ತೋರಿಸಿದ. ಫೋನು, ಹಣದ ಚೀಲ ಕೊಟ್ಟೆವು. ಶ್ರೀಮತಿಯ ಕರಿಮಣಿ ಸರ ಸ್ವೆಟರಿನೊಳಗಿತ್ತು. ಅದು ಅವರ ಕಣ್ಣಿಗೆ ಬೀಳಲಿಲ್ಲ. ಎಲ್ಲ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ನೆರೆಮನೆಯ ಆ ವೃದ್ಧೆ ನಮ್ಮೊಡನೆ ಪೋಲೀಸು ಠಾಣೆಗೆ ಬಂದರು; ಭಾಷೆ ತಿಳಿಯದ ನಮ್ಮ ಪರವಾಗಿ ದೂರು ಬರೆಯಿಸಿದರು. ಫೋನು ಸಿಗಲಿಲ್ಲ. ಹೋದ ಫೋನನ್ನು ಒಡನೆ ನಿಷ್ಕ್ರಿಯ ಮಾಡಿಸುವ ‘ಸೆಲುಲಾರ್ ಸೆಗೂರು’ ಎಂಬ ವ್ಯವಸ್ಥೆಯನ್ನು ಬ್ರೆಜಿಲ್ ಸರಕಾರ ತಂದದ್ದು 2023ರ ಡಿಸೆಂಬರಿನಲ್ಲಿ. ಮರುದಿನ ಶ್ರೀಮತಿ ಕರಿಮಣಿಯನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟಳು. ಹೋದ ಫೋನಿಗಿಂತ ಇದೇ ನಮ್ಮನ್ನು ಹೆಚ್ಚು ನೋಯಿಸಿತು. ಆಮೇಲೆ ಬೀದಿಯಲ್ಲಿ ಇಬ್ಬರು ಒಟ್ಟಿಗೆ ಬಂದರೆ ಸಾಕು, ನಮ್ಮ ಎದೆ ನಡುಗುತ್ತಿತ್ತು.

ಎರಡು ವಾರ ಕಳೆದಿರಬೇಕು. ಅದೇ ಬೀದಿಯಲ್ಲಿ ಇಬ್ಬರು ಯುವಕರು ನೇರವಾಗಿ ನಮ್ಮ ಕಡೆಗೇ ಬಂದರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಅದನ್ನೆಲ್ಲ ನೋಡುವ ವ್ಯವಧಾನ ನಮಗೆಲ್ಲಿ? ತರಕಾರಿಯ ಚೀಲ ಕೈಜಾರಿ ಬಿದ್ದರೂ ಹಿಂದಿರುಗಿ ನೋಡದೆ ಓಡಿದೆವು. ಅರ್ಧ ಗಂಟೆಯ ಮೇಲೆ ಕಟ್ಟಡದ ಕಾವಲುಗಾರ ಚೀಲವನ್ನು ತಂದುಕೊಟ್ಟ. “ಆ ಮಾರ್ಮನ್ ಹುಡುಗರು ಕೊಟ್ಟು ಹೋದರು. ನಿಮ್ಮನ್ನು ಹೆದರಿಸಿದ್ದಕ್ಕೆ ಕ್ಷಮಿಸಬೇಕಂತೆ” ಎಂದ. ಟೊಮೆಟೊಗಳನ್ನು ಆರಿಸಿ ತುಂಬಿದ್ದರು. ನಾಚಿಕೆಯಾಯಿತು. ಮುಂದಿನ ವಾರ ಕಂಡಾಗ ನಾವೇ ಮನೆಗೆ ಕರೆದೆವು.

ಅತಿಥಿಗಳೆಂದು ಫಿಲ್ಟರ್ ಕಾಫಿ ಮಾಡಿದರೆ ಇಬ್ಬರೂ ಕೈಮುಗಿದುಬಿಟ್ಟರು. ಅವರ ಮತದಲ್ಲಿ ಮದ್ಯ, ತಂಬಾಕುಗಳೊಡನೆ ಚಹಾ ಕಾಫಿಗಳೂ ನಿಷಿದ್ಧ! ನಿಂಬೆಯ ಪಾನಕ ಕೊಟ್ಟೆವು. ಜೋಸೆಫ್ ಸ್ಮಿತ್ ಎಂಬವನು 1830ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಥಾಪಿಸಿದ ಪಂಥವದು. 1844ರಲ್ಲಿ ಒಂದು ಗುಂಪು ಅವನನ್ನು ಕೊಂದಿತು. ಅನುಯಾಯಿಗಳು 1847ರಲ್ಲಿ ಯೂಟಾ ಪ್ರದೇಶಕ್ಕೆ ಹೋಗಿ ನೆಲೆಸಿದರು. ತರುಣರು ಎರಡು ವರ್ಷ ಪ್ರಚಾರಕ್ಕೆ ಹೊರಡುತ್ತಾರೆ. ಯಾವ ಊರೆಂಬುದನ್ನು ಮೇಲಿನವರು ಗೊತ್ತುಮಾಡುತ್ತಾರೆ. ಆಗ ಮನೆಗೆ ಫೋನು ಮಾಡಲು ವರ್ಷಕ್ಕೆ ಎರಡೇ ಸಲ ಅನುಮತಿ. ವಾರಕ್ಕೊಮ್ಮೆ ಮಾತಾಡಬಹುದೆಂದಾದದ್ದು 2019ರಲ್ಲಿ. ಮೀಸೆ ಸರಿಯಾಗಿ ಮೂಡದ ಈ ಹುಡುಗರ ಬಿರುದು ‘ಎಲ್ಡರ್’, ಎಂದರೆ ಹಿರಿಯ!

ಒಬ್ಬ ಅಮೆರಿಕೆಯ ಐಡಾಹೊದ ರೈತನ ಮಗ. ಇನ್ನೊಬ್ಬ ಬ್ರೆಜಿಲಿನವನೇ, ರೆಸಿಫೆ ಊರಿನ ಕಪ್ಪು ಬಣ್ಣದ ಹುಡುಗ. ಆಫ್ರಿಕ ಮೂಲದ ಗಂಡಸರಿಗೆ ಆ ಪಂಥ ನೂರು ವರ್ಷಕ್ಕೂ ಹೆಚ್ಚು ಕಾಲ ಪೌರೋಹಿತ್ಯ ಕೊಡುತ್ತಿರಲಿಲ್ಲ. ಆ ನಿಷೇಧ ತೊಲಗಿದ್ದು 1978ರಲ್ಲಿ. ದಕ್ಷಿಣ ಅಮೆರಿಕೆಯ ಅವರ ಮೊದಲ ಮಂದಿರ ಸಾವೊ ಪಾವ್ಲೊದಲ್ಲಿ ತೆರೆದದ್ದೂ ಅದೇ ವರ್ಷ. ಈ ವಿಷಯವನ್ನು ನಾವು ಮುಚ್ಚುಮರೆಯಿಲ್ಲದೆ ಕೇಳಿದೆವು. ಅವನು ಸ್ವಲ್ಪ ಹೊತ್ತು ಲೋಟವನ್ನೇ ನೋಡುತ್ತಿದ್ದು, “ಗೊತ್ತು. ನಮ್ಮ ಅಜ್ಜಿ ಹೇಳಿದ್ದಾಳೆ” ಎಂದನು. ಅಷ್ಟೇ.

“ನಾವು ಮತ ಬಿಡುವವರಲ್ಲ, ನಮ್ಮ ಮನೆಯಲ್ಲಿ ದೇವರಿಗೇನೂ ಕೊರತೆಯಿಲ್ಲ” ಎಂದು ಮೊದಲೇ ಹೇಳಿದೆವು. ಇಬ್ಬರೂ ನಕ್ಕರು. ಸುಲಿಗೆಯ ಕಥೆ ಹೇಳಿದಾಗ ಐಡಾಹೊದವನು ತನ್ನನ್ನು ಆರು ತಿಂಗಳಲ್ಲಿ ಎರಡು ಸಲ ಸುಲಿದರೆಂದೂ, ಎರಡನೆಯ ಸಲ ಬೂಟುಗಳನ್ನೂ ಬಿಡಲಿಲ್ಲವೆಂದೂ ಹೇಳಿದ.

“ಮತ್ತೆ ಮರುದಿನ ಗುರುತಿಲ್ಲದವರ ಬಳಿಗೆ ಹೋಗುವುದು ಹೇಗಪ್ಪ?”

“ನಾವು ಯಾವಾಗಲೂ ಇಬ್ಬರಾಗಿಯೇ ನಡೆಯಬೇಕೆಂಬುದು ನಿಯಮ. ಒಬ್ಬನಿಗೆ ಹೆದರಿಕೆಯಾದ ದಿನ ಸಾಮಾನ್ಯವಾಗಿ ಇನ್ನೊಬ್ಬನಿಗೆ ಆಗಿರುವುದಿಲ್ಲ” ಎಂದ.

ಕೆಲವು ವಾರಗಳಲ್ಲಿ ಅವರಿಗೆ ಬೇರೆ ಬಡಾವಣೆಗೆ ವರ್ಗವಾಯಿತು, ಮತ್ತೆ ಕಾಣಲಿಲ್ಲ. ಅವರ ಮತ ನಮಗೆ ಹಿಡಿಸಲಿಲ್ಲ, ಆ ಮಾತು ಮಾತ್ರ ಹಿಡಿಸಿತು. ಶ್ರೀಮತಿ ಒಂದು ದಿನ ಕರಿಮಣಿಯನ್ನು ಮತ್ತೆ ಹಾಕಿಕೊಂಡಳು, ಸ್ವೆಟರಿನೊಳಗೇ. ಎಚ್ಚರಿಕೆ ಬಿಡಲಿಲ್ಲ, ಆದರೆ ಓಡುವುದನ್ನು ಬಿಟ್ಟೆವು.

ಮಹಾಜನಗಳೆ, ಈ ಮುಂಬಯಿಗೂ ದಿನಾಲು ನಮ್ಮ ಕಡೆಯ ಹುಡುಗರು ಬಂದಿಳಿಯುತ್ತಾರೆ. ಕೆಲವರು ಮೊದಲ ತಿಂಗಳಲ್ಲೇ ಜೇಬು ಕಳೆದುಕೊಳ್ಳುತ್ತಾರೆ. “ನೋಡಿಕೊಂಡು ನಡೆಯಬಾರದೆ?” ಎನ್ನುವುದು ಸುಲಭ. ನೆರೆಮನೆಯ ಆ ವೃದ್ಧೆ ಹಾಗೆನ್ನಲಿಲ್ಲ; ಚಪ್ಪಲಿ ಮೆಟ್ಟಿ ಠಾಣೆಗೆ ಹೊರಟರು. ಅಂಥವನು ಯಾವನಾದರೂ ಈ ವಾಚನಾಲಯದ ಬೆಂಚಿನ ಮೇಲೆ ಸಪ್ಪಗೆ ಕುಳಿತದ್ದು ಕಂಡರೆ, ಪತ್ರಿಕೆ ಕೆಳಗಿಟ್ಟು ಅವನೊಡನೆ ಠಾಣೆಯವರೆಗೆ ನಡೆದುಹೋಗೋಣ. ಆ ದಿನ ಅವನು ಒಂಟಿಯಾಗಿ ನಡೆಯದಿರಲಿ.