ಹಲಗೆಗೆ ಬಂದ ಮೂರನೆಯ ರೆಕ್ಕೆ

(ಉಪನ್ಯಾಸವೊಂದರ ಬರಹರೂಪ)



ಹಲಗೆಯ ಮೇಲೆ ನಿಂತು ಕಡಲ ಅಲೆಯಲ್ಲಿ ಜಾರುವ ಸರ್ಫಿಂಗ್ ಆಟವನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ನಮ್ಮ ಕರಾವಳಿಗೂ ಅದು ಅಪರಿಚಿತವಲ್ಲ. ಮೂಲ್ಕಿ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೇ ನಡೆದಿವೆ. ಸ್ಪರ್ಧಿಗಳ ಹಲಗೆಯನ್ನು ಮಗುಚಿ ನೋಡಿದರೆ, ಹೆಚ್ಚಿನವುಗಳ ಹಿಂತುದಿಯಲ್ಲಿ ಮೀನಿನ ಈಜುರೆಕ್ಕೆಯನ್ನು ಹೋಲುವ ಮೂರು ಫಿನ್‌ಗಳಿರುತ್ತವೆ. ಒಂದಲ್ಲ, ಎರಡಲ್ಲ, ಮೂರೇ ಏಕೆ? ಇಂದು ನಾನು ಹೇಳಹೊರಟಿರುವುದು ಆ ಕಥೆಯನ್ನು.

ಹವಾಯಿ ದ್ವೀಪವಾಸಿಗಳು ಪ್ರಾಚೀನ ಕಾಲದಿಂದ ಬಳಸುತ್ತಿದ್ದ ಮರದ ಹಲಗೆಗಳಿಗೆ ಫಿನ್ ಇರಲಿಲ್ಲ. ತಿರುಗಿಸಹೋದರೆ ಹಿಂಭಾಗ ಜಾರಿಬಿಡುತ್ತಿತ್ತು. 1935ರಲ್ಲಿ ಅಮೆರಿಕದ ಟಾಮ್ ಬ್ಲೇಕ್ ಹಲಗೆಯ ಅಡಿಗೆ ಒಂದು ಫಿನ್ ಜೋಡಿಸಿದ. ಹಲಗೆ ಹಿಡಿತಕ್ಕೆ ಬಂತು. 1950ರ ದಶಕದಲ್ಲಿ ಮರದ ಜಾಗಕ್ಕೆ ಹಗುರವಾದ ಫೋಮ್ ಮತ್ತು ಫೈಬರ್‌ಗ್ಲಾಸ್ ಬಂದವು. ಆದರೆ ಒಂಟಿ ಫಿನ್ನಿನ ಹಲಗೆ ದಾರಿ ತಪ್ಪದಿದ್ದರೂ ಚುರುಕಾಗಿ ತಿರುಗದು. ಸ್ಪರ್ಧೆಯಲ್ಲಿ ಅಂಕ ಸಿಗುವುದೇ ತಿರುವುಗಳಿಗೆ. ಆದ್ದರಿಂದ 1970ರ ದಶಕದ ಕೊನೆಗೆ ಎರಡು ಫಿನ್‌ಗಳ ಹಲಗೆ ಮೆರೆಯಿತು. ಅದನ್ನು ಬಳಸಿದ ಆಸ್ಟ್ರೇಲಿಯದ ಮಾರ್ಕ್ ರಿಚರ್ಡ್ಸ್ 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ.

ಎಲ್ಲರೂ ರಿಚರ್ಡ್ಸ್‌ನ ದಾರಿ ಹಿಡಿದಾಗ ಕಷ್ಟಕ್ಕೆ ಸಿಕ್ಕವನು ಸಿಡ್ನಿಯ ನ್ಯಾರಬೀನ್ ಕಡಲತೀರದ ಸೈಮನ್ ಆ್ಯಂಡರ್ಸನ್. ಆತ ಆರಡಿಗೂ ಮಿಗಿಲಾದ ಭಾರಿ ಆಳು. ಎರಡು ಫಿನ್‌ಗಳ ಹಲಗೆ ಸಣ್ಣ ಅಲೆಯಲ್ಲಿ ಚಿಗರೆಯಂತೆ ನೆಗೆದರೂ, ದೊಡ್ಡ ಅಲೆಯಲ್ಲಿ ಆತನ ಭಾರಕ್ಕೆ ಹಿಡಿತ ಬಿಟ್ಟು ಜಾರುತ್ತಿತ್ತು. ವೃತ್ತಿಪರ ಆಟಗಾರನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಆದರೆ ಆತ ಹಲಗೆ ಮಾಡುವ ಕಸುಬುದಾರನೂ ಆಗಿದ್ದ.

1980ರ ಅಕ್ಟೋಬರ್‌ನಲ್ಲಿ ಗೆಳೆಯ ಫ್ರಾಂಕ್ ವಿಲಿಯಮ್ಸ್‌ನ ಹಲಗೆಯಲ್ಲಿ ಎರಡು ಫಿನ್‌ಗಳ ಜೊತೆಗೆ ಅರ್ಧಚಂದ್ರಾಕಾರದ ಪುಟ್ಟ ಫಿನ್ನೊಂದನ್ನು ಆ್ಯಂಡರ್ಸನ್ ಕಂಡ. ಪುಟ್ಟದೇ ಏಕಿರಬೇಕು? ಆತ ಮೂರನ್ನೂ ಒಂದೇ ಅಳತೆಗೆ ತಂದ. ಪಕ್ಕದ ಎರಡು ಫಿನ್‌ಗಳು ಅಂಚಿನ ಬಳಿ, ಹಲಗೆಯ ಮೂತಿಯತ್ತ ತುಸು ಓರೆಯಾಗಿ ನಿಂತವು. ಅವುಗಳ ಒಳಮೈ ಚಪ್ಪಟೆ, ಹೊರಮೈ ಉಬ್ಬು. ನಡುವಿನದು ಹಿಂದಕ್ಕೆ ಸರಿದು, ಎರಡೂ ಬದಿ ಸಮನಾಗಿ ಉಬ್ಬಿತು. ತಿರುವಿನಲ್ಲಿ ಪಕ್ಕದ ಫಿನ್ ಅಲೆಯ ಗೋಡೆಯನ್ನು ಕಚ್ಚಿ ಹಿಡಿದರೆ, ನಡುವಿನದು ಜಾರದಂತೆ ತಡೆಯಿತು. ಮುನ್ನೂಕುವುದು ಎಂಬ ಅರ್ಥದಲ್ಲಿ ಅದಕ್ಕೆ 'ಥ್ರಸ್ಟರ್' ಎಂಬ ಹೆಸರು ಬಂತು.

ಇಂಥ ಹಲಗೆಯನ್ನು ಪರೀಕ್ಷಿಸುವುದು ಹೇಗೆ? ಒಮ್ಮೆ ಬಂದ ಅಲೆ ಮತ್ತೊಮ್ಮೆ ಬಾರದು. ಕೆತ್ತುವುದು, ಕಡಲಿಗಿಳಿಯುವುದು, ಕಾಲಿಗೆ ತಿಳಿದದ್ದನ್ನು ನೆನಪಿಟ್ಟು ಮತ್ತೆ ಕೆತ್ತುವುದು, ಇದೇ ಕ್ರಮ. ಆದರೆ ನಾಲ್ಕು ಜನ ನಂಬಬೇಕಾದರೆ ಸ್ಪರ್ಧೆಯಲ್ಲಿ ಗೆದ್ದೇ ತೋರಿಸಬೇಕು. 1981ರ ಈಸ್ಟರ್ ವೇಳೆಗೆ ಆಸ್ಟ್ರೇಲಿಯದ ಬೆಲ್ಸ್ ಬೀಚಿನಲ್ಲಿ ಅಪರೂಪದ ದೈತ್ಯ ಅಲೆಗಳೆದ್ದವು. ಹಿಡಿತ ತಪ್ಪಿದರೆ ಗತಿಯಿಲ್ಲದ ಆ ನೀರಿನಲ್ಲಿ ಆ್ಯಂಡರ್ಸನ್ ಮೂರು ಫಿನ್‌ಗಳ ಮೇಲೆ ನಿಂತು ಗೆದ್ದ. ಅದೇ ವರ್ಷ ಸಿಡ್ನಿಯ ಸರ್ಫಬೌಟ್ ಸ್ಪರ್ಧೆಯನ್ನೂ ಹವಾಯಿಯ ಪೈಪ್‌ಲೈನ್ ಮಾಸ್ಟರ್ಸ್ ಸ್ಪರ್ಧೆಯನ್ನೂ ಗೆದ್ದ. ಕೆಲವೇ ವರ್ಷಗಳಲ್ಲಿ ಜಗತ್ತಿನ ಸ್ಪರ್ಧಿಗಳೆಲ್ಲ ಮೂರು ಫಿನ್‌ಗಳಿಗೆ ಒಲಿದರು.

ವಿಶ್ವ ಚಾಂಪಿಯನ್ ಪಟ್ಟ ಮಾತ್ರ ಆ್ಯಂಡರ್ಸನ್‌ಗೆ ಒಲಿಯಲಿಲ್ಲ. ಆತ ಪೇಟೆಂಟನ್ನೂ ಪಡೆಯಲಿಲ್ಲ. ಪಡೆದಿದ್ದರೆ ಸಿರಿವಂತನಾಗುತ್ತಿದ್ದನೋ ಏನೋ. ಆದರೆ ಊರೂರಿನ ಕುಶಲಕರ್ಮಿಗಳು ಯಾರ ಅಪ್ಪಣೆಯನ್ನೂ ಬೇಡದೆ ಆ ವಿನ್ಯಾಸವನ್ನು ತಮ್ಮ ಕಡಲಿಗೆ ಹೊಂದಿಸಿಕೊಂಡರು. ತನ್ನ ಮೈಭಾರಕ್ಕೆಂದು ಒಬ್ಬ ಹುಡುಕಿಕೊಂಡ ಉಪಾಯ ಎಲ್ಲರ ಆಸ್ತಿಯಾಯಿತು. ಮುಂದೆ ಕಡಲತೀರದಲ್ಲಿ ಮಗುಚಿಟ್ಟ ಸರ್ಫಿಂಗ್ ಹಲಗೆ ಕಂಡರೆ ಆ ಮೂರನೆಯ ಫಿನ್ನನ್ನು ಒಮ್ಮೆ ಗಮನಿಸಿ.