ಹಿತ್ತಲಿನ ತರಕಾರಿಯೂ ಇಲಿಗಳ ಕಾಟವೂ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ದೊಡ್ಡ ದೊಡ್ಡ ವಿಷಯಗಳನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ನಾವು ಇಂದು ಇಲಿಯ ವಿಷಯ ಹೇಳಹೊರಟಿದ್ದೇವೆ. ದಯವಿಟ್ಟು ನಗಬೇಡಿ. ದೆಹಲಿಯ ಸರ್ಕಾರಿ ವಸತಿಗಳಲ್ಲಿ ಕೆಳಗಿನ ಮನೆ ಸಿಕ್ಕವರಿಗೆ ಹಿಂದುಗಡೆ ನಾಲ್ಕು ಮೊಳ ನೆಲವೂ ಸಿಗುವುದುಂಟು. ಅಕ್ಟೋಬರಿನಲ್ಲಿ ಅಲ್ಲಿ ಮೂಲಂಗಿ, ಮೆಂತ್ಯ, ಬಟಾಣಿ ಹಾಕುತ್ತೇವೆ. ಊರಿನಿಂದ ತಂದ ಅವರೆಯ ಬೀಜವನ್ನೂ ಊರುತ್ತೇವೆ. ತಿಂಗಳ ಕೊನೆಯಲ್ಲಿ ಕೈ ಬರಿದಾದಾಗ ಸಾರಿಗೆ ಸೊಪ್ಪು ಕೊಡುವುದು ಈ ನೆಲವೇ. ಒಂದೇ ರಾತ್ರಿಯಲ್ಲಿ ಅದು ಇಲಿಯ ಪಾಲಾದರೆ ನಷ್ಟ ಸಣ್ಣದಲ್ಲ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. ಒಂದು ವರ್ಷ ಬಿತ್ತಿದ ಬಟಾಣಿ ಮೊಳೆಯುವ ಮೊದಲೇ ಮಾಯವಾಯಿತು. ಸಿಟ್ಟಿನಿಂದ ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯನ್ನು ತಂದು, ಹಿಟ್ಟಿನಲ್ಲಿ ಕಲಸಿ, ಉಂಡೆ ಕಟ್ಟಿ ಬೇಲಿಯ ಬಳಿ ಇಟ್ಟೆವು. ಮೊದಲ ರಾತ್ರಿ ಎರಡು ಇಲಿ ಸತ್ತವು. ಆಮೇಲೆ ಒಂದೂ ಉಂಡೆಯನ್ನು ಮುಟ್ಟಲಿಲ್ಲ. ಸ್ವಲ್ಪ ತಿಂದು ನರಳಿ ಬದುಕಿಕೊಂಡ ಇಲಿ ಮತ್ತೆ ಆ ತಿಂಡಿಯ ಹತ್ತಿರ ಸುಳಿಯದು. ನಾಲ್ಕನೆಯ ದಿನ ಬೆಳಿಗ್ಗೆ ನೆರೆಮನೆಯ ಮೂರು ವರ್ಷದ ಮಗು ಅಂಥ ಒಂದು ಉಂಡೆಯನ್ನು ಕೈಯಲ್ಲಿ ಹಿಡಿದು ನಿಂತಿತ್ತು. ತಾಯಿ ಕಂಡು ಕಿತ್ತೆಸೆದು, ಕೈ ಬಾಯಿ ತೊಳೆದರು. ದೇವರ ದಯೆ, ಏನೂ ಆಗಲಿಲ್ಲ. ಆ ವಿಷ ಹೊಟ್ಟೆಗೆ ಹೋದರೆ ಅಲ್ಲಿನ ಆಮ್ಲದೊಡನೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಆ ತಾಯಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾವು ತಿಳಿದುಕೊಂಡದ್ದು ಇಷ್ಟು. ಹಿತ್ತಲಿಗೆ ಬರುವ ಇಲಿ ಒಬ್ಬರ ಮನೆಯದಲ್ಲ, ಇಡೀ ಸಾಲಿನದು. ಅದರ ಗರ್ಭ ಸುಮಾರು ಮೂರು ವಾರ. ಸೂಲಿಗೆ ಐದಾರು ಮರಿಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಒಬ್ಬರೇ ಕೊಂದರೆ ಖಾಲಿಯಾದ ಬಿಲಕ್ಕೆ ಪಕ್ಕದ ಇಲಿ ಬಂದು ಸೇರುತ್ತದೆ. ಆದ್ದರಿಂದ ಸಾಲಿನವರೆಲ್ಲ ಒಂದು ಭಾನುವಾರ ಕೂಡಿ ಕೆಲಸ ಮಾಡಬೇಕು.

ಮೊದಲನೆಯದು ಅನ್ನ. ಮೇಲಿನ ಮನೆಯವರು ಕಿಟಕಿಯಿಂದ ಚೆಲ್ಲುವ ತಂಗಳು, ಪಾರಿವಾಳಗಳಿಗೆಂದು ಎರಚುವ ಕಾಳು, ಮುಚ್ಚಳವಿಲ್ಲದ ಕಸದ ಡಬ್ಬಿ, ಇವು ನಿಲ್ಲದೆ ಇಲಿ ಹೋಗದು.

ಎರಡನೆಯದು ಬಿಲ. ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿರಿ. ಮರುದಿನ ಬೆಳಿಗ್ಗೆ ಯಾವುದು ತೆರೆದಿದೆಯೋ ಅಲ್ಲಿ ಇಲಿ ವಾಸವಾಗಿದೆ. ಬಾಯಿಯ ಬಳಿ ಮಣ್ಣಿನ ರಾಶಿ ಇದ್ದರೆ ಅದು ಹೆಗ್ಗಣದ್ದಿರಬಹುದು.

ಮೂರನೆಯದು ಬೋನು. ಅಂಗಡಿಯಲ್ಲಿ ‘ಚೂಹೇದಾನಿ’ ಎಂದು ಕೇಳಿದರೆ ಕೊಡುತ್ತಾರೆ. ಇಲಿ ಹೊಸ ವಸ್ತುವನ್ನು ನಂಬುವುದಿಲ್ಲ. ಆದಕಾರಣ ಎರಡು ಮೂರು ರಾತ್ರಿ ಬೋನನ್ನು ಹೂಡದೆ, ಸುಟ್ಟ ಕೊಬ್ಬರಿಯ ಚೂರನ್ನು ಮಾತ್ರ ಇಟ್ಟು ತಿನ್ನಲು ಬಿಡಿ, ಆಮೇಲೆ ಹೂಡಿರಿ. ಇಲಿ ಬಯಲಲ್ಲಿ ಓಡದೆ ಗೋಡೆಯ ಬದಿ ಹಿಡಿದು ಓಡುತ್ತದೆ. ಬೋನಿನ ಜಾಗವೂ ಅದೇ. ಸ್ಪ್ರಿಂಗಿನ ಬೋನಾದರೆ ಹಲಗೆಯ ಮರೆಯಲ್ಲಿಟ್ಟು ಬೆಳಗಾಗುತ್ತಲೇ ತೆಗೆಯಿರಿ. ಮಕ್ಕಳ ಬೆರಳೂ ಅಳಿಲೂ ಸಿಕ್ಕಬಾರದು. ಗಣಪತಿಯ ವಾಹನವೆಂದು ಕೊಲ್ಲಲು ಮನಸ್ಸು ಬಾರದೆ ಪಕ್ಕದ ಬೀದಿಯಲ್ಲಿ ಬಿಟ್ಟುಬಂದವರು ನಮ್ಮಲ್ಲಿ ಉಂಟು. ಅದು ದಯೆಯಲ್ಲ, ನಮ್ಮ ಕಷ್ಟವನ್ನು ನೆರೆಯವರ ತಲೆಗೆ ಕಟ್ಟಿದಂತೆ.

ಇಲಿಯ ಮೂತ್ರ ಬಿದ್ದ ಒದ್ದೆ ಮಣ್ಣಿನಿಂದ, ಕಾಲಿನ ಗಾಯದ ಮೂಲಕ, ಇಲಿ ಜ್ವರ ಬರಬಹುದು. ಬರಿಗಾಲಲ್ಲಿ ಪಾತಿಗೆ ಇಳಿಯಬೇಡಿ. ಸೊಪ್ಪನ್ನು ಚೆನ್ನಾಗಿ ತೊಳೆಯಿರಿ. 1898ರಲ್ಲಿ ಬೆಂಗಳೂರು ಪ್ಲೇಗಿನಿಂದ ಪಟ್ಟ ಪಾಡನ್ನು ಹಿರಿಯರಿಂದ ಕೇಳಿದ ಮನೆಗಳು ನಮ್ಮಲ್ಲಿವೆ. 1994ರಲ್ಲಿ ಸೂರತ್ತಿನ ಸುದ್ದಿಗೆ ದೇಶವೇ ಬೆದರಿತ್ತು.

ಬಿತ್ತನೆಗೆ ಮೊದಲು ಒಂದು ಭಾನುವಾರವನ್ನು ಗೊತ್ತುಮಾಡಿ, ಭಾಷೆ ಯಾವುದಾದರೂ ಇರಲಿ, ಅಕ್ಕಪಕ್ಕದ ಎಲ್ಲರನ್ನೂ ಕರೆಯಿರಿ. ನಮ್ಮಲ್ಲಿ ಮೂರು ಬೋನುಗಳಿವೆ. ಬೇಕಾದವರು ಒಯ್ಯಬಹುದು, ಹಿಂದಿರುಗಿಸಿದರೆ ಸಾಕು.